ಮದ್ದಿಗೆ ಮಣಿಯದ ಕೋಶ: ಕಮಲ್ ರಣದಿವೆ ಮತ್ತು ಅರ್ಬುದ ಸಂಶೋಧನೆಯ ಒಂದು ಪ್ರಶ್ನೆ

೧

ದೀರ್ಘಕಾಲದ ಕಾಯಿಲೆಯ ಪ್ರಸ್ತಾಪ ಬಂದಾಗ ಕನ್ನಡದ ಮನೆಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತೊಂದಿದೆ: 'ದೇಹಕ್ಕೆ ಔಷಧಿ ಒಗ್ಗಿಹೋಗಿದೆ.' ಮೊದಲು ಗುಣ ತೋರಿದ ಮದ್ದು ಕ್ರಮೇಣ ನಿಷ್ಫಲವಾದುದಕ್ಕೆ ಜನಸಾಮಾನ್ಯರು ಕಂಡುಕೊಂಡ ವಿವರಣೆ ಇದು. ಈ ಮಾತಿನಲ್ಲಿ ಸೋಲಿನ ಹೊಣೆಯನ್ನು ರೋಗಿಯ ದೇಹಕ್ಕೆ ಹೊರಿಸಲಾಗಿದೆ ಎಂಬುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಅರ್ಬುದ ರೋಗದ ಚಿಕಿತ್ಸೆಯ ಇತಿಹಾಸದಲ್ಲಿಯೂ ಬಹುಕಾಲ ಇದೇ ಅಸ್ಪಷ್ಟತೆ ಇತ್ತು. ಮದ್ದಿಗೆ ಮಣಿಯದಿರುವುದು ಯಾವುದು? ರೋಗಿಯ ದೇಹವೋ, ಆ ದೇಹದೊಳಗೆ ಬೆಳೆದ ಗಂತಿಯ ಕೋಶವೋ? ಇವೆರಡನ್ನೂ ಬೇರ್ಪಡಿಸಿ ನೋಡುವ ಸಾಧನ ದೊರೆಯುವವರೆಗೆ ಈ ಪ್ರಶ್ನೆಗೆ ಖಚಿತವಾದ ಉತ್ತರ ಸಾಧ್ಯವಿರಲಿಲ್ಲ.

ಮರುಕಳಿಸುವ ಗಂತಿಯ ಅನುಭವ ನಮ್ಮ ವೈದ್ಯ ಪರಂಪರೆಗೆ ಹೊಸದಲ್ಲ. ಅರ್ಬುದವನ್ನು ನಿಶ್ಶೇಷವಾಗಿ ತೆಗೆಯದಿದ್ದರೆ ಉಳಿದ ಅಂಶದಿಂದ ಅದು ಬೇಗನೆ ಮತ್ತೆ ಹುಟ್ಟುತ್ತದೆ ಎಂಬ ಎಚ್ಚರಿಕೆ ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿಯೇ ಇದೆ. ಇದನ್ನು ಆಧುನಿಕ ವಿಜ್ಞಾನದ ಪೂರ್ವರೂಪವೆಂದು ಕೊಂಡಾಡುವ ಅಗತ್ಯವಿಲ್ಲ. ಆದರೆ ಚಿಕಿತ್ಸೆಯ ಅನಂತರ ಏನು ಉಳಿಯುತ್ತದೆ ಎಂಬುದೇ ಮುಖ್ಯ ಪ್ರಶ್ನೆಯೆಂದು ಆ ಶಸ್ತ್ರವೈದ್ಯರು ಅರಿತಿದ್ದರು ಎಂಬುದಂತೂ ಸ್ಪಷ್ಟ.

ಪ್ರಸ್ತುತ ಲೇಖನವು ಈ ಪ್ರಶ್ನೆಯ ಇತಿಹಾಸವನ್ನು ಪುಣೆಯಲ್ಲಿ ಹುಟ್ಟಿ ಮುಂಬಯಿಯಲ್ಲಿ ದುಡಿದ ಜೀವವಿಜ್ಞಾನಿ ಡಾ. ಕಮಲ್ ರಣದಿವೆ (೧೯೧೭-೨೦೦೧) ಅವರ ವೃತ್ತಿಜೀವನದ ಮೂಲಕ ನೋಡುವ ಪ್ರಯತ್ನ. ಇಲ್ಲಿ ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸಬೇಕು. ರಣದಿವೆ ಅವರು ವೈದ್ಯರಲ್ಲ. ಔಷಧ ಪ್ರತಿರೋಧವು ಅವರ ಮುಖ್ಯ ಸಂಶೋಧನಾ ವಿಷಯವೂ ಆಗಿರಲಿಲ್ಲ. ಆದರೆ ಆ ವಿಷಯವನ್ನು ಪರೀಕ್ಷಿಸಲು ಅನಿವಾರ್ಯವಾದ ಸಾಧನವನ್ನು, ಎಂದರೆ ಜೀವಂತ ಕೋಶಗಳನ್ನು ದೇಹದ ಹೊರಗೆ ಸಾಕುವ ಪ್ರಯೋಗಾಲಯವನ್ನು, ಭಾರತದಲ್ಲಿ ಮೊದಲು ಕಟ್ಟಿದವರು ಅವರು. ಸಾಧನಗಳನ್ನು ಸಿದ್ಧಪಡಿಸಿದವರ ಕಥೆ ವಿಜ್ಞಾನದ ಚರಿತ್ರೆಯಲ್ಲಿ ಹಿಂದೆ ಸರಿಯುವುದು ವಾಡಿಕೆ. ಆ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬುವುದು ಈ ಲೇಖನದ ಉದ್ದೇಶ.

೨

ಅರ್ಬುದಕ್ಕೆ ರಾಸಾಯನಿಕ ಔಷಧದ ಚಿಕಿತ್ಸೆ ಆರಂಭವಾದದ್ದೇ ಸೋಲಿನ ಅನುಭವದೊಡನೆ. ೧೯೪೨ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಗುಡ್‌ಮನ್ ಮತ್ತು ಗಿಲ್‌ಮನ್ ಎಂಬ ಔಷಧಶಾಸ್ತ್ರಜ್ಞರ ಸಲಹೆಯಂತೆ, ಯುದ್ಧದ ವಿಷಾನಿಲಕ್ಕೆ ಸಂಬಂಧಿಸಿದ ನೈಟ್ರೋಜನ್ ಮಸ್ಟರ್ಡ್ ಎಂಬ ವಸ್ತುವನ್ನು ದುಗ್ಧಗ್ರಂಥಿಯ ಅರ್ಬುದವಿದ್ದ ರೋಗಿಯೊಬ್ಬನಿಗೆ ನೀಡಲಾಯಿತು. ಗಂತಿಗಳು ಆಶ್ಚರ್ಯಕರವಾಗಿ ಕರಗಿದವು. ಆದರೆ ಕೆಲವೇ ವಾರಗಳಲ್ಲಿ ಅವು ಮರಳಿ ಬಂದವು. ಮುಂದಿನ ಸುತ್ತುಗಳಲ್ಲಿ ಮದ್ದಿನ ಫಲ ಕುಗ್ಗುತ್ತ ಹೋಯಿತು. ರೋಗಿ ಅದೇ ವರ್ಷ ತೀರಿಕೊಂಡ. ಯುದ್ಧಕಾಲದ ಗೋಪ್ಯತೆಯ ಕಾರಣದಿಂದ ಈ ಕೆಲಸದ ವಿವರಗಳು ಪ್ರಕಟವಾದದ್ದು ೧೯೪೬ರಲ್ಲಿ.

ಎರಡನೆಯ ಘಟನೆಗೆ ಭಾರತೀಯರೊಬ್ಬರ ನಂಟಿದೆ. ಆಂಧ್ರದ ಭೀಮಾವರಂನಲ್ಲಿ ಜನಿಸಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ನೇತೃತ್ವದಲ್ಲಿ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಫೋಲಿಕ್ ಆಮ್ಲದ ಕಾರ್ಯಕ್ಕೆ ತಡೆಯೊಡ್ಡುವ ಅಮಿನಾಪ್ಟೆರಿನ್ ಎಂಬ ಔಷಧ ಸಿದ್ಧವಾಯಿತು. ಬಾಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ ಅದನ್ನು ರಕ್ತದ ಅರ್ಬುದದಿಂದ ನರಳುತ್ತಿದ್ದ ೧೬ ಮಕ್ಕಳಿಗೆ ನೀಡಿದರು. ಅವರಲ್ಲಿ ೧೦ ಮಕ್ಕಳು ಚೇತರಿಸಿಕೊಂಡರು. ೧೯೪೮ರ ಜೂನ್ ತಿಂಗಳಲ್ಲಿ ಪ್ರಕಟವಾದ ಆ ವರದಿಯ ಶೀರ್ಷಿಕೆಯಲ್ಲಿಯೇ ಈ ಚೇತರಿಕೆ 'ತಾತ್ಕಾಲಿಕ' ಎಂಬ ವಿಶೇಷಣವಿದೆ. ಅದೊಂದು ಪ್ರಾಮಾಣಿಕವಾದ ಪದ. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಸುಬ್ಬರಾವ್ ನಿಧನರಾದರು. ಚೇತರಿಸಿಕೊಂಡ ಮಕ್ಕಳಲ್ಲಿ ರೋಗವೇಕೆ ಮರಳುತ್ತದೆ ಎಂಬ ಪ್ರಶ್ನೆ ಅವರ ಅನಂತರದವರ ಪಾಲಿಗೆ ಉಳಿಯಿತು.

ಈ ಪ್ರಶ್ನೆಗೆ ಎರಡು ಉತ್ತರಗಳು ಸಾಧ್ಯವಿದ್ದವು. ಒಂದು, ಮದ್ದಿನ ಸಂಪರ್ಕಕ್ಕೆ ಬಂದ ಕೋಶಗಳು ಕ್ರಮೇಣ ಅದಕ್ಕೆ ಒಗ್ಗಿಕೊಳ್ಳುತ್ತವೆ ಎಂಬುದು. ಎರಡು, ಮದ್ದು ಕೊಡುವ ಮೊದಲೇ ಕೋಟ್ಯಂತರ ಕೋಶಗಳ ನಡುವೆ ಅದಕ್ಕೆ ಮಣಿಯದ ಕೆಲವು ಕೋಶಗಳು ಆಕಸ್ಮಿಕವಾಗಿ ಹುಟ್ಟಿರುತ್ತವೆ. ಮದ್ದು ಉಳಿದವನ್ನು ಕೊಂದು ಇವುಗಳಿಗೆ ಜಾಗ ತೆರವು ಮಾಡಿಕೊಡುತ್ತದೆ ಎಂಬುದು. ಬ್ಯಾಕ್ಟೀರಿಯಾಗಳ ವಿಷಯದಲ್ಲಿ ಎರಡನೆಯ ಉತ್ತರವೇ ಸರಿ ಎಂದು ಲೂರಿಯಾ ಮತ್ತು ಡೆಲ್‌ಬ್ರುಕ್ ೧೯೪೩ರಲ್ಲಿ ತೋರಿಸಿದ್ದರು. ೧೯೫೨ರಲ್ಲಿ ಲಾಯ್ಡ್ ಲಾ ಎಂಬ ವಿಜ್ಞಾನಿ ಅದೇ ಮಾದರಿಯ ಪರೀಕ್ಷೆಯನ್ನು ಇಲಿಗಳ ರಕ್ತದ ಅರ್ಬುದ ಕೋಶಗಳಿಗೆ ಅನ್ವಯಿಸಿದರು. ಬೇರೆ ಬೇರೆಯಾಗಿ ಬೆಳೆಸಿದ ಕೋಶಸಮೂಹಗಳಲ್ಲಿ ಮಣಿಯದ ಕೋಶಗಳ ಸಂಖ್ಯೆ ಒಂದರಿಂದ ಒಂದಕ್ಕೆ ವಿಪರೀತವಾಗಿ ಏರುಪೇರಾಗುತ್ತಿತ್ತು. ಮದ್ದಿನ ಸಂಪರ್ಕದಿಂದ ಕೋಶಗಳು ಒಗ್ಗಿಕೊಳ್ಳುವುದಾಗಿದ್ದರೆ ಎಲ್ಲ ಸಮೂಹಗಳಲ್ಲಿಯೂ ಆ ಸಂಖ್ಯೆ ಹೆಚ್ಚುಕಡಿಮೆ ಒಂದೇ ಆಗಿರಬೇಕಿತ್ತು. ಹೀಗಾಗಿ ಮಣಿಯದ ಕೋಶಗಳು ಮದ್ದಿಗೆ ಮುಂಚೆಯೇ ಹುಟ್ಟಿದ್ದವು ಎಂಬ ನಿರ್ಣಯಕ್ಕೆ ಬರಬೇಕಾಯಿತು.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಈ ಪರೀಕ್ಷೆ ರೋಗಿಯ ಹಾಸಿಗೆಯ ಬಳಿ ನಡೆಯುವಂತಹುದಲ್ಲ. ಒಂದೇ ಮೂಲದ ಕೋಶಗಳನ್ನು ಹಲವು ಭಾಗಗಳಾಗಿ ಹಂಚಿ, ಪ್ರತ್ಯೇಕವಾಗಿ ಬೆಳೆಸಿ, ಹೋಲಿಸಿ ನೋಡಬೇಕು. ಅದಕ್ಕೆ ಒಂದೇ ವಂಶದ ಪ್ರಯೋಗದ ಇಲಿಗಳು ಬೇಕು, ಇಲ್ಲವೇ ಗಾಜಿನ ನಳಿಗೆಯಲ್ಲಿ ಬದುಕುವ ಕೋಶಗಳು ಬೇಕು. ಭಾರತದಲ್ಲಿ ಈ ಎರಡು ಕೆಲಸಗಳಿಗೂ ಕೈಹಾಕಿದವರಲ್ಲಿ ಕಮಲ್ ರಣದಿವೆ ಮೊದಲಿಗರು.

೩

ಕಮಲ್ ಸಮರ್ಥ್ ಪುಣೆಯಲ್ಲಿ ೧೯೧೭ರ ನವೆಂಬರ್ ೮ರಂದು ಜನಿಸಿದರು. ತಂದೆ ದಿನಕರ ಸಮರ್ಥ್ ಫರ್ಗುಸನ್ ಕಾಲೇಜಿನಲ್ಲಿ ಜೀವವಿಜ್ಞಾನದ ಅಧ್ಯಾಪಕರು. ಮಕ್ಕಳೆಲ್ಲರೂ ಓದಬೇಕೆಂಬ ನಿಲುವಿನ ಅವರು ಮಗಳನ್ನು ಹುಜೂರಪಾಗಾ ಎಂದು ಹೆಸರಾದ ಹೆಣ್ಣುಮಕ್ಕಳ ಶಾಲೆಗೆ ಸೇರಿಸಿದರು. ಮಗಳು ವೈದ್ಯಳಾಗಬೇಕೆಂಬುದು ತಂದೆಯ ಬಯಕೆಯಾಗಿತ್ತು. ಮಗಳು ಆರಿಸಿಕೊಂಡದ್ದು ಫರ್ಗುಸನ್ ಕಾಲೇಜಿನ ಸಸ್ಯಶಾಸ್ತ್ರ ಮತ್ತು ಪ್ರಾಣಿಶಾಸ್ತ್ರಗಳನ್ನು.

ಫರ್ಗುಸನ್ ಕಾಲೇಜು ಕನ್ನಡ ಸಾಹಿತ್ಯದ ಅಭ್ಯಾಸಿಗಳಿಗೆ ಅಪರಿಚಿತವಲ್ಲ. ದ. ರಾ. ಬೇಂದ್ರೆಯವರು ೧೯೧೮ರಲ್ಲಿ ಬಿ.ಎ. ಪದವಿ ಪಡೆದದ್ದು ಅಲ್ಲಿಂದ; ೧೯೩೦ರ ದಶಕದ ಮೊದಲ ಭಾಗದಲ್ಲಿ ವಿ. ಕೃ. ಗೋಕಾಕರು ಅಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದರು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳು ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಕಾಲದಲ್ಲಿ ಪುಣೆ ನಮ್ಮವರಿಗೂ ವಿದ್ಯಾಕೇಂದ್ರವಾಗಿತ್ತು. ಕಮಲ್ ಅವರು ೧೯೩೪ರಲ್ಲಿ ಆ ಕಾಲೇಜಿಗೆ ಸೇರಿದರು. ಅದೇ ಆವರಣದ ಸಾಹಿತ್ಯದ ಚರಿತ್ರೆಯನ್ನು ನಾವು ವಿವರವಾಗಿ ದಾಖಲಿಸಿದ್ದೇವೆ. ವಿಜ್ಞಾನದ ಚರಿತ್ರೆಯತ್ತ ಅಷ್ಟು ಗಮನ ಹರಿಸಿಲ್ಲ.

ಪದವಿಯ ಅನಂತರ ಅವರು ಪುಣೆಯ ಕೃಷಿ ಕಾಲೇಜಿನಲ್ಲಿ ಅಧ್ಯಯನ ಮುಂದುವರಿಸಿದರು. ೧೯೪೩ರ ಎಂ.ಎಸ್‌ಸಿ. ಪದವಿಗೆ ಅವರು ಆರಿಸಿಕೊಂಡ ವಿಷಯ ಸೀತಾಫಲದ ಕುಟುಂಬಕ್ಕೆ ಸೇರಿದ ಸಸ್ಯಗಳ ಕೋಶತಳಿಶಾಸ್ತ್ರ. ಗಿಡದ ಕೋಶದೊಳಗಿನ ವರ್ಣತಂತುಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಿ ಹೋಲಿಸುವ ಈ ಅಭ್ಯಾಸ ಮುಂದೆ ಅರ್ಬುದದ ಕೋಶಗಳನ್ನು ನೋಡಲು ಅವರಿಗೆ ನೆರವಾಗಿರಬೇಕು. ಈ ನಡುವೆ ೧೯೩೯ರಲ್ಲಿ ಗಣಿತಜ್ಞ ಜೆ. ಟಿ. ರಣದಿವೆ ಅವರೊಡನೆ ವಿವಾಹವಾಗಿ ಮುಂಬಯಿಗೆ ಬಂದಿದ್ದರು.

ಮುಂಬಯಿಯಲ್ಲಿ ೧೯೪೧ರಲ್ಲಿ ಆರಂಭವಾದ ಟಾಟಾ ಸ್ಮಾರಕ ಆಸ್ಪತ್ರೆ ಅವರ ಕಾರ್ಯಕ್ಷೇತ್ರವಾಯಿತು. ಅಲ್ಲಿನ ರೋಗಶಾಸ್ತ್ರಜ್ಞ ವಿ. ಆರ್. ಖಾನೋಲ್ಕರ್ ಅವರ ಮಾರ್ಗದರ್ಶನದಲ್ಲಿ ಸಿದ್ಧವಾದ ಪ್ರಬಂಧಕ್ಕೆ ೧೯೪೯ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಡಾಕ್ಟರೇಟ್ ದೊರೆಯಿತು. ಭಾರತದಲ್ಲಿ ಅರ್ಬುದದ ಅಧ್ಯಯನವನ್ನು ಶವಪರೀಕ್ಷೆಯ ಮೇಜಿನಿಂದ ಪ್ರಯೋಗಾಲಯಕ್ಕೆ ವಿಸ್ತರಿಸಿದವರಲ್ಲಿ ಖಾನೋಲ್ಕರ್ ಪ್ರಮುಖರು. ಮುಂದಿನ ತರಬೇತಿಗೆ ರಣದಿವೆ ಅವರು ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್‌ಕಿನ್ಸ್ ಸಂಸ್ಥೆಯಲ್ಲಿದ್ದ ಜಾರ್ಜ್ ಗೇ ಅವರ ಪ್ರಯೋಗಾಲಯವನ್ನು ಆರಿಸಿಕೊಂಡರು.

ಗೇ ಅವರು ಅಂಗಾಂಶ ಕೃಷಿಯಲ್ಲಿ ಪರಿಣತರು. ಕೋಶಗಳಿರುವ ನಳಿಗೆಗಳನ್ನು ನಿಧಾನವಾಗಿ ತಿರುಗುವ ಪೀಪಾಯಿಯಲ್ಲಿಟ್ಟು, ಪೋಷಕ ದ್ರವವೂ ಗಾಳಿಯೂ ಸರದಿಯಲ್ಲಿ ಅವಕ್ಕೆ ಸಿಗುವಂತೆ ಮಾಡುವ ಉಪಕರಣವನ್ನು ಅವರು ರೂಪಿಸಿದ್ದರು. ಹೆನ್ರಿಯೆಟಾ ಲ್ಯಾಕ್ಸ್ ಎಂಬ ಬಡ ಕಪ್ಪು ಮಹಿಳೆಯ ಗರ್ಭಕಂಠದ ಅರ್ಬುದದಿಂದ ೧೯೫೧ರಲ್ಲಿ ತೆಗೆದ ಕೋಶಗಳು ಅವರ ಪ್ರಯೋಗಾಲಯದಲ್ಲಿಯೇ ಮೊದಲ ಬಾರಿಗೆ ನಿರಂತರವಾಗಿ ಬೆಳೆದವು. ಹೀಲಾ ಎಂಬ ಹೆಸರಿನ ಆ ಕೋಶಸಂತತಿ ಇಂದಿಗೂ ಜಗತ್ತಿನ ಪ್ರಯೋಗಾಲಯಗಳಲ್ಲಿದೆ. ಆ ಮಹಿಳೆಯ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ. ಆಕೆ ಅದೇ ವರ್ಷ ಅಕ್ಟೋಬರ್ ತಿಂಗಳಲ್ಲಿ ತೀರಿಕೊಂಡರು. ಅಂಗಾಂಶ ಕೃಷಿಯ ಉಪಕಾರವನ್ನು ಹೇಳುವ ಯಾವ ಚರಿತ್ರೆಯೂ ಈ ಋಣವನ್ನು ಮರೆಯಬಾರದು.

೪

ಕನ್ನಡ ಓದುಗರಿಗೆ 'ಅಂಗಾಂಶ ಕೃಷಿ' ಎಂಬ ಮಾತು ಈಗ ಬಾಳೆಯ ಸಸಿಗಳಿಂದಾಗಿ ಪರಿಚಿತ. ಗಿಡದ ಅಂಗಾಂಶಕ್ಕೆ ಹೋಲಿಸಿದರೆ ಪ್ರಾಣಿಯ ಅಂಗಾಂಶವನ್ನು ಬೆಳೆಸುವುದು ಬೇರೊಂದು ಬಗೆಯ ಕಷ್ಟದ ಕೆಲಸ. ಮಾನವ ಕೋಶಕ್ಕೆ ಸುಮಾರು ೩೭ ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬೇಕು; ರಕ್ತರಸ, ಲವಣ, ಸಕ್ಕರೆಗಳ ಹದವಾದ ಮಿಶ್ರಣ ಬೇಕು; ಆಮ್ಲೀಯತೆ ಏರುಪೇರಾಗಬಾರದು. ಗಾಳಿಯಲ್ಲಿನ ಒಂದು ಬೂಷ್ಟಿನ ಕಣ ವಾರಗಳ ದುಡಿಮೆಯನ್ನು ಹಾಳುಮಾಡಬಲ್ಲದು. ಗಾಜನ್ನು ತೊಳೆಯುವುದು, ನೀರನ್ನು ಬಟ್ಟಿಯಿಳಿಸುವುದು, ಪ್ರತಿದಿನ ನಳಿಗೆಗಳನ್ನು ನೋಡುವುದು: ಹೀಗೆ ಹೊರಗಿನವರ ಕಣ್ಣಿಗೆ ಬೀಳದ ಶಿಸ್ತಿನ ಮೇಲೆ ಎಲ್ಲವೂ ನಿಂತಿರುತ್ತದೆ.

೧೯೫೨ರಲ್ಲಿ ಮುಂಬಯಿಯ ಪರೇಲಿನಲ್ಲಿ ಖಾನೋಲ್ಕರ್ ಅವರ ನಿರ್ದೇಶನದಲ್ಲಿ ಭಾರತೀಯ ಕ್ಯಾನ್ಸರ್ ಸಂಶೋಧನಾ ಕೇಂದ್ರ ಆರಂಭವಾಯಿತು. ಸ್ವದೇಶಕ್ಕೆ ಮರಳಿದ ರಣದಿವೆ ಅವರು ಈ ಕೇಂದ್ರದಲ್ಲಿ ದೇಶದ ಮೊದಲ ಅಂಗಾಂಶ ಕೃಷಿ ಪ್ರಯೋಗಾಲಯವನ್ನು ಸ್ಥಾಪಿಸಿದರು. ಸ್ತನದ ಅರ್ಬುದ, ರಕ್ತದ ಅರ್ಬುದ, ಅನ್ನನಾಳದ ಅರ್ಬುದ ಇವುಗಳನ್ನು ಪ್ರಾಣಿಗಳ ಮಾದರಿಯಲ್ಲಿ ಅಧ್ಯಯನ ಮಾಡುವ ತಂಡ ಅವರ ಸುತ್ತ ಬೆಳೆಯಿತು. ಇಲಿಗಳ ವಂಶಗಳನ್ನು ಹೋಲಿಸಿ, ಅನುವಂಶೀಯತೆ, ಹಾರ್ಮೋನು ಮತ್ತು ವೈರಸ್ಸುಗಳ ಪರಸ್ಪರ ಸಂಬಂಧದಿಂದ ಸ್ತನದ ಅರ್ಬುದಕ್ಕೆ ಈಡಾಗುವ ಪ್ರವೃತ್ತಿ ಹೇಗೆ ಬದಲಾಗುತ್ತದೆ ಎಂಬುದನ್ನು ಅವರು ವಿವೇಚಿಸಿದರು. ೧೯೬೬ರಿಂದ ೧೯೭೦ರವರೆಗೆ ಅವರು ಕೇಂದ್ರದ ಪ್ರಭಾರಿ ನಿರ್ದೇಶಕರಾಗಿದ್ದರು. ಅರ್ಬುದ ಮತ್ತು ಕುಷ್ಠ ಕುರಿತ ಅವರ ಸಂಶೋಧನ ಲೇಖನಗಳ ಸಂಖ್ಯೆ ೨೦೦ನ್ನು ಮೀರುತ್ತದೆ.

ಅರ್ಬುದ ಕೇಂದ್ರದ ವಿಜ್ಞಾನಿಗೆ ಕುಷ್ಠರೋಗದೊಡನೆ ಏನು ಸಂಬಂಧ ಎಂಬ ಪ್ರಶ್ನೆ ಸಹಜ. ಖಾನೋಲ್ಕರ್ ಅವರು ಕುಷ್ಠದಲ್ಲಿಯೂ ಆಸಕ್ತರಾಗಿದ್ದರು. ಕುಷ್ಠದ ರೋಗಾಣುವನ್ನು ೧೮೭೩ರಲ್ಲಿಯೇ ಹಾನ್ಸೆನ್ ಗುರುತಿಸಿದ್ದರೂ ಅದನ್ನು ಪ್ರಯೋಗಾಲಯದ ಕೃತಕ ಮಾಧ್ಯಮದಲ್ಲಿ ಬೆಳೆಸಲು ಇಂದಿಗೂ ಸಾಧ್ಯವಾಗಿಲ್ಲ. ಮಾನವ ಕೋಶಗಳ ಕೃಷಿಯೊಳಗೆ ಅದು ಬೆಳೆಯಬಹುದೇ ಎಂದು ಪರೀಕ್ಷಿಸಲು ರಣದಿವೆ ಅವರ ಪ್ರಯೋಗಾಲಯ ತಕ್ಕ ಸ್ಥಳವಾಗಿತ್ತು. ಸಿ. ವಿ. ಬಾಪಟ್, ರಣದಿವೆ ಮತ್ತು ಖಾನೋಲ್ಕರ್ ೧೯೫೮ರಲ್ಲಿ ಕುಷ್ಠರೋಗಿಯಿಂದ ಪಡೆದು ನರಕೋಶಗಳ ಕೃಷಿಯ ನೆರವಿನಿಂದ ಬೆಳೆಸಿದ ಒಂದು ದಂಡಾಣುವನ್ನು ವರದಿ ಮಾಡಿದರು. ಕೇಂದ್ರದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಅದು ಐಸಿಆರ್‌ಸಿ ದಂಡಾಣು ಎನಿಸಿಕೊಂಡಿತು. ಅದು ಕುಷ್ಠದ ರೋಗಾಣುವೇ ಎಂಬುದು ವಿವಾದಕ್ಕೆ ಒಳಗಾಯಿತು. ಮುಂದಿನ ಪರೀಕ್ಷೆಗಳು ಅದನ್ನು ಬೇರೊಂದು ಗುಂಪಿಗೆ ಸೇರಿಸಿದವು. ಆದರೂ ಕುಷ್ಠಕ್ಕೆ ಲಸಿಕೆಯೊಂದನ್ನು ರೂಪಿಸುವ ಪ್ರಯತ್ನಕ್ಕೆ ಮುಂದೆ ಅದೇ ಆಧಾರವಾಯಿತು.

ನಮ್ಮ ವಿಷಯಕ್ಕೆ ಕುಷ್ಠದ ಚರಿತ್ರೆ ಇನ್ನೊಂದು ಕಾರಣಕ್ಕೂ ಮುಖ್ಯ. ೧೯೪೦ರ ದಶಕದ ಕೊನೆಯಿಂದ ಬಳಕೆಗೆ ಬಂದ ಡ್ಯಾಪ್ಸೋನ್ ಮಾತ್ರೆ ಕೆಲವರಲ್ಲಿ ವರ್ಷಗಳ ಅನಂತರ ನಿಷ್ಫಲವಾಗತೊಡಗಿತು. ರೋಗಿ ಮಾತ್ರೆಯನ್ನು ಸರಿಯಾಗಿ ನುಂಗಿಲ್ಲ ಎಂಬ ಅನುಮಾನ ಮೊದಲು ಏಳುವುದು ಸಹಜ. ರೋಗಾಣುವನ್ನು ಬೆಳೆಸಲಾಗದಿದ್ದರೆ ಅದರ ಗುಣವನ್ನು ಪರೀಕ್ಷಿಸುವ ದಾರಿಯೇ ಇರುವುದಿಲ್ಲ. ೧೯೬೦ರಲ್ಲಿ ಚಾರ್ಲ್ಸ್ ಶೆಪರ್ಡ್ ಇಲಿಯ ಅಂಗಾಲಿನಲ್ಲಿ ಈ ರೋಗಾಣು ಮಿತವಾಗಿ ಬೆಳೆಯುತ್ತದೆಂದು ತೋರಿಸಿದ ಮೇಲೆ, ೧೯೬೪ರಲ್ಲಿ ಪೆಟಿಟ್ ಮತ್ತು ರೀಸ್ ರೋಗಿಗಳಿಂದ ಪಡೆದ ರೋಗಾಣುಗಳು ಮದ್ದು ತಿಂದ ಇಲಿಗಳಲ್ಲಿಯೂ ಬೆಳೆಯುತ್ತವೆಂದು ಸಿದ್ಧಪಡಿಸಿದರು. ಮಾತ್ರೆ ನುಂಗಿದ ರೋಗಿಯ ಮಾತಿಗೆ ಸಾಕ್ಷಿ ದೊರೆತದ್ದು ಹೀಗೆ. ೧೯೮೨ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಹು ಔಷಧಗಳ ಸಂಯುಕ್ತ ಚಿಕಿತ್ಸೆಯನ್ನು ಶಿಫಾರಸು ಮಾಡಿದ್ದರ ಹಿಂದೆ ಈ ತಿಳಿವಳಿಕೆ ಇದೆ. ಒಂದು ಮದ್ದಿಗೆ ಮಣಿಯದ್ದು ಎರಡನೆಯದಕ್ಕೆ ಮಣಿಯಬಹುದು. ಎಲ್ಲಕ್ಕೂ ಏಕಕಾಲದಲ್ಲಿ ಮಣಿಯದ ರೋಗಾಣು ಇರುವ ಸಂಭವ ತೀರ ಕಡಿಮೆ ಎಂಬುದು ಇದರ ತರ್ಕ.

೫

ಇದೇ ತರ್ಕ ಅರ್ಬುದದ ಚಿಕಿತ್ಸೆಗೂ ಬಂದಿತ್ತು. ೧೯೬೦ರ ದಶಕದ ಆರಂಭದಲ್ಲಿ ಅಮೆರಿಕದ ಫ್ರೇ ಮತ್ತು ಫ್ರೈರೈಕ್ ಎಂಬ ವೈದ್ಯರು ಮಕ್ಕಳ ರಕ್ತದ ಅರ್ಬುದಕ್ಕೆ ನಾಲ್ಕು ಔಷಧಗಳನ್ನು ಒಟ್ಟಾಗಿ ನೀಡಿದರು. ಮಕ್ಕಳಲ್ಲಿ ಬಹಳ ಸಾಮಾನ್ಯವಾದ ಆ ಬಗೆಯ ರಕ್ತದ ಅರ್ಬುದವು, ಪೂರ್ಣ ಚಿಕಿತ್ಸೆ ದೊರೆತಲ್ಲಿ, ಇಂದು ಬಹುಪಾಲು ಗುಣವಾಗುವ ಕಾಯಿಲೆಯಾಗಿದೆ. ಆದರೆ ಗಟ್ಟಿ ಗಂತಿಗಳಲ್ಲಿ ಕೆಲವು ಕೋಶಗಳು ಪರಸ್ಪರ ಸಂಬಂಧವೇ ಇಲ್ಲದ ಹಲವು ಮದ್ದುಗಳಿಗೆ ಏಕಕಾಲದಲ್ಲಿ ಮಣಿಯದಿರುವುದು ಕಂಡುಬಂತು. ಮೇಲಿನ ತರ್ಕದ ಪ್ರಕಾರ ಇದು ಅಸಂಭವವಾಗಬೇಕಿತ್ತು.

ಇದರ ಕಾರಣ ದೊರೆತದ್ದು ಕೋಶಗಳ ಕೃಷಿಯಲ್ಲಿ. ೧೯೭೦ರಲ್ಲಿ ಬೀಡ್ಲರ್ ಮತ್ತು ರೀಮ್, ಹ್ಯಾಮ್‌ಸ್ಟರ್ ಎಂಬ ದಂಶಕದ ಕೋಶಗಳನ್ನು ಒಂದೇ ಮದ್ದಿನ ಏರುತ್ತಿರುವ ಪ್ರಮಾಣದಲ್ಲಿ ಬೆಳೆಸಿ, ಉಳಿದ ಕೋಶಗಳು ಬೇರೆ ಮದ್ದುಗಳಿಗೂ ಮಣಿಯುವುದಿಲ್ಲವೆಂದು ಕಂಡರು. ೧೯೭೩ರಲ್ಲಿ ಡೆನ್ಮಾರ್ಕಿನ ಕೆಲ್ಡ್ ಡಾನೊ, ಇಂತಹ ಕೋಶಗಳು ಒಳಬಂದ ಮದ್ದನ್ನು ಶಕ್ತಿ ವ್ಯಯಿಸಿ ಹೊರದೂಡುತ್ತವೆಂದು ತೋರಿಸಿದರು. ೧೯೭೬ರಲ್ಲಿ ಜೂಲಿಯಾನೊ ಮತ್ತು ಲಿಂಗ್, ಕೋಶದ ಪೊರೆಯಲ್ಲಿದ್ದ ಸುಮಾರು ೧,೭೦,೦೦೦ ಡಾಲ್ಟನ್ ತೂಕದ ಪ್ರೋಟೀನನ್ನು ಗುರುತಿಸಿದರು, ಅದೇ ಪಿ-ಗ್ಲೈಕೋಪ್ರೋಟೀನ್. ದೋಣಿಗೆ ನುಗ್ಗಿದ ನೀರನ್ನು ಎತ್ತಿ ಚೆಲ್ಲುವಂತೆ ಅದು ಬಗೆಬಗೆಯ ಮದ್ದುಗಳನ್ನು ಹೊರಹಾಕುತ್ತದೆ. ೧೯೭೮ರಲ್ಲಿ ರಾಬರ್ಟ್ ಶಿಮ್ಕೆ ಅವರ ತಂಡ ಇನ್ನೊಂದು ಉಪಾಯವನ್ನು ಪತ್ತೆಮಾಡಿತು. ಅಮಿನಾಪ್ಟೆರಿನ್‌ನ ಹತ್ತಿರದ ಬಂಧುವಾದ ಮೆಥೊಟ್ರೆಕ್ಸೇಟ್ ಯಾವ ಕಿಣ್ವವನ್ನು ತಡೆಯುತ್ತದೆಯೋ ಅದರ ಜೀನನ್ನೇ ಕೋಶವು ನೂರಾರು ಪ್ರತಿಗಳಾಗಿ ಹೆಚ್ಚಿಸಿಕೊಂಡಿತ್ತು. ಫಾರ್ಬರ್ ಅವರ 'ತಾತ್ಕಾಲಿಕ' ಎಂಬ ಪದಕ್ಕೆ ಮೂರು ದಶಕಗಳ ಅನಂತರ ದೊರೆತ ವಿವರಣೆಗಳಲ್ಲಿ ಇದೂ ಒಂದು.

ಈ ಅರಿವು ನೇರವಾಗಿ ಚಿಕಿತ್ಸೆಯಾಗಿ ಪರಿಣಮಿಸಲಿಲ್ಲ. ಪಿ-ಗ್ಲೈಕೋಪ್ರೋಟೀನ್ ಅರ್ಬುದ ಕೋಶದ ಸ್ವತ್ತಷ್ಟೇ ಅಲ್ಲ. ಕರುಳು, ಮೂತ್ರಪಿಂಡ, ಯಕೃತ್ತು, ಮೆದುಳಿನ ರಕ್ತನಾಳಗಳ ಗೋಡೆ ಇವುಗಳಲ್ಲಿ ವಿಷವಸ್ತುಗಳನ್ನು ಹೊರಹಾಕುವ ಕೆಲಸವನ್ನು ಅದು ಮಾಡುತ್ತಿರುತ್ತದೆ. ಅದನ್ನು ತಡೆದರೆ ಆರೋಗ್ಯವಂತ ಅಂಗಗಳಿಗೂ ತೊಂದರೆ. ಅದನ್ನು ತಡೆಯುವ ಮದ್ದುಗಳ ಪ್ರಯೋಗಗಳು ಬಹುಮಟ್ಟಿಗೆ ನಿರಾಶೆ ತಂದವು. ೨೦೦೧ರಲ್ಲಿ ಅಮೆರಿಕದಲ್ಲಿ ಮನ್ನಣೆ ಪಡೆದ ಇಮಾಟಿನಿಬ್ ದೀರ್ಘಕಾಲೀನ ರಕ್ತದ ಅರ್ಬುದವೊಂದರ ಸ್ವರೂಪವನ್ನೇ ಬದಲಿಸಿತು. ಅದೇ ವರ್ಷ ಚಾರ್ಲ್ಸ್ ಸಾಯರ್ಸ್ ಅವರ ತಂಡ, ಆ ಮದ್ದು ಕೂರುವ ಪ್ರೋಟೀನಿನಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾದರೂ ಮದ್ದು ನಿಷ್ಫಲವಾಗಬಲ್ಲದು ಎಂದು ವರದಿ ಮಾಡಿತು. ಈ ಬಗೆಯ ಬದಲಾವಣೆ ಯಾವುದೆಂದು ತಿಳಿದದ್ದರಿಂದಲೇ ಮುಂದಿನ ಪೀಳಿಗೆಯ ಔಷಧಗಳನ್ನು ರೂಪಿಸಲು ಸಾಧ್ಯವಾಯಿತು.

೬

ರಣದಿವೆ ಅವರು ೧೯೭೩ರಲ್ಲಿ ಸಹೋದ್ಯೋಗಿಗಳೊಡನೆ ಭಾರತೀಯ ಮಹಿಳಾ ವಿಜ್ಞಾನಿಗಳ ಸಂಘವನ್ನು ಸ್ಥಾಪಿಸಿದರು. ೧೯೮೨ರಲ್ಲಿ ಅವರಿಗೆ ಪದ್ಮಭೂಷಣ ಪ್ರಶಸ್ತಿ ಸಂದಿತು. ನಿವೃತ್ತಿಯ ಅನಂತರ ಅಹಮದನಗರ ಜಿಲ್ಲೆಯ ಅಕೋಲೆ ಭಾಗದ ಬುಡಕಟ್ಟು ಮಕ್ಕಳ ಪೌಷ್ಟಿಕತೆಯನ್ನು ಅಧ್ಯಯನ ಮಾಡುತ್ತ, ಹಳ್ಳಿಯ ಹೆಣ್ಣುಮಕ್ಕಳಿಗೆ ಆರೋಗ್ಯದ ತರಬೇತಿ ಕೊಡಿಸಿದರು. ಅವರು ಹುಟ್ಟಿದ ಪುಣೆಯಲ್ಲಿ, ವಿಶ್ವವಿದ್ಯಾಲಯದ ಆವರಣದಲ್ಲಿ, ೧೯೮೦ರ ದಶಕದ ಉತ್ತರಾರ್ಧದಲ್ಲಿ ಪ್ರಾಣಿಕೋಶ ಕೃಷಿಯ ರಾಷ್ಟ್ರೀಯ ಸೌಲಭ್ಯವೊಂದು ರೂಪುಗೊಂಡಿತು. ಇಂದು ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರವೆಂದು ಹೆಸರಾಗಿರುವ ಆ ಸಂಸ್ಥೆ ದೇಶದ ಸಂಶೋಧಕರಿಗೆ ಕೋಶಸಂತತಿಗಳನ್ನು ಕಾಪಿಟ್ಟು ಒದಗಿಸುತ್ತದೆ. ೧೯೫೦ರ ದಶಕದಲ್ಲಿ ಒಂದು ಪ್ರಯೋಗಾಲಯದ ಸಾಹಸವಾಗಿದ್ದುದು ಈಗ ರಾಷ್ಟ್ರದ ನಿತ್ಯವ್ಯವಸ್ಥೆಯಾಗಿದೆ.

ಕರ್ನಾಟಕದ ದೃಷ್ಟಿಯಿಂದ ಎರಡು ಮಾತುಗಳನ್ನು ಸೇರಿಸಬೇಕು. ಬೆಂಗಳೂರಿನಲ್ಲಿ ೧೯೭೩ರಲ್ಲಿ ಕಿದ್ವಾಯಿ ಸ್ಮಾರಕ ಸಂಸ್ಥೆ ಆರಂಭವಾದ ಮೇಲೆ ಅರ್ಬುದದ ಚಿಕಿತ್ಸೆ ಕನ್ನಡಿಗರಿಗೆ ಹತ್ತಿರವಾಯಿತು. ಆದರೂ ದೂರದ ಊರಿನ ಬಡರೋಗಿಗೆ ಪ್ರಯಾಣ, ಖರ್ಚು, ಕೂಲಿಯ ನಷ್ಟ ಇವುಗಳಿಂದ ಚಿಕಿತ್ಸೆ ನಡುವೆ ನಿಲ್ಲುವುದುಂಟು. ಮದ್ದು ದೊರೆಯದೆ ಮರಳಿದ ರೋಗವೂ ಮದ್ದಿಗೆ ಮಣಿಯದ ರೋಗವೂ ಒಂದೇ ಅಲ್ಲ. ಮೊದಲನೆಯದಕ್ಕೆ ಪರಿಹಾರ ಸಮಾಜದ ಕೈಯಲ್ಲಿದೆ, ಎರಡನೆಯದಕ್ಕೆ ಪ್ರಯೋಗಾಲಯದಲ್ಲಿ. ಇವೆರಡನ್ನೂ 'ಔಷಧಿ ಒಗ್ಗಿಹೋಯಿತು' ಎಂಬ ಒಂದೇ ಮಾತಿನಲ್ಲಿ ಮುಗಿಸಿದರೆ ಎರಡೂ ಹೊಣೆಗಳು ಮರೆಯಾಗುತ್ತವೆ.

ಎರಡನೆಯ ಮಾತು ಪರಿಭಾಷೆಗೆ ಸಂಬಂಧಿಸಿದ್ದು. ಅರ್ಬುದಕ್ಕೆ ಕನ್ನಡದಲ್ಲಿ 'ಏಡಿಗಂತಿ' ಎಂಬ ಪದವನ್ನೂ ರೂಪಿಸಲಾಗಿದೆ. ವೈದ್ಯೆಯೂ ಕಾದಂಬರಿಗಾರ್ತಿಯೂ ಆಗಿದ್ದು ೧೯೯೧ರಲ್ಲಿ ಇದೇ ರೋಗದಿಂದ ತೀರಿಕೊಂಡ ಅನುಪಮಾ ನಿರಂಜನ ಅವರು, ಆರೋಗ್ಯದ ವಿಷಯವನ್ನು ಮನೆಮಾತಿನ ಕನ್ನಡದಲ್ಲಿ ಹೇಳಬಹುದೆಂದು ತಮ್ಮ ಪುಸ್ತಕಗಳಲ್ಲಿ ತೋರಿಸಿಕೊಟ್ಟರು. ಆದರೆ 'ಪ್ರತಿರೋಧ' ಎಂಬ ಶಬ್ದ ನಮ್ಮಲ್ಲಿ ಗೊಂದಲವನ್ನು ಉಳಿಸಿದೆ. ರೋಗವನ್ನು ಎದುರಿಸುವ ದೇಹದ ಶಕ್ತಿಗೂ, ಮದ್ದನ್ನು ಎದುರಿಸುವ ಕೋಶದ ಗುಣಕ್ಕೂ ಅದನ್ನೇ ಬಳಸುತ್ತೇವೆ. ಒಂದು ರೋಗಿಯ ಪರವಾದದ್ದು, ಇನ್ನೊಂದು ಅವನಿಗೆ ವಿರುದ್ಧವಾದದ್ದು. ಹೊಸ ಪದವನ್ನು ಕಟ್ಟುವ ಅಗತ್ಯವಿಲ್ಲ. 'ದೇಹದ ರೋಗ ಪ್ರತಿರೋಧ', 'ಕೋಶದ ಔಷಧ ಪ್ರತಿರೋಧ' ಎಂದು ಯಾವುದು ಯಾವುದನ್ನು ಎದುರಿಸುತ್ತದೆ ಎಂಬುದನ್ನು ಪದದೊಡನೆಯೇ ಹೇಳಿದರೆ ಸಾಕು. ನಮ್ಮ ಪಠ್ಯಪುಸ್ತಕಗಳೂ ಆಸ್ಪತ್ರೆಗಳ ತಿಳಿವಳಿಕೆ ಪತ್ರಗಳೂ ಈ ಕ್ರಮವನ್ನು ಅನುಸರಿಸುವುದು ಯುಕ್ತ. ಚಿಕಿತ್ಸೆ ಫಲಿಸದೆ ಮನೆಗೆ ಮರಳುವ ರೋಗಿಗೆ, ಸೋತದ್ದು ತನ್ನ ದೇಹವಲ್ಲ ಎಂಬುದನ್ನು ಅವನ ಭಾಷೆಯಲ್ಲಿಯೇ ತಿಳಿಸುವ ಕರ್ತವ್ಯ ನಮ್ಮದಾಗಿದೆ.